ಕುಂಬಳದ ಬಿಯರಿನಲ್ಲಿ ಕುಂಬಳ ಎಲ್ಲಿದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಪಂಪ್‌ಕಿನ್ ಬಿಯರ್. ಬೆಂಗಳೂರಿನ ಬ್ರೂವರಿಗಳಲ್ಲಿ ಇಪ್ಪತ್ತೆರಡು ವರ್ಷ ಬಿಯರ್ ಕುದಿಸಿ, ಈಗ ಕೊಡಗಿನ ಅಮ್ಮತ್ತಿ ಹತ್ತಿರ ಕಾಫಿ, ಮೆಣಸು ನೋಡಿಕೊಂಡಿರುವ ನನಗೆ ಇದು ಬಹಳ ಇಷ್ಟದ ವಿಷಯ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಸರ್, ಮಗಳು ಅಮೆರಿಕದಲ್ಲಿದ್ದಾಳೆ. ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗಿದ್ದಾಗ ಅಳಿಯ ಪಂಪ್‌ಕಿನ್ ಬಿಯರ್ ಅಂತ ಕೊಟ್ಟರು. ಕುಡಿದರೆ ಬರೀ ಚಕ್ಕೆ, ಲವಂಗದ ರುಚಿ. ಕುಂಬಳದ ಸುಳಿವೇ ಇಲ್ಲ. ನಿಜವಾಗಿ ಕುಂಬಳ ಹಾಕ್ತಾರಾ? ಹಾಕಿದರೆ ಯಾವುದು, ನಮ್ಮ ಬೂದುಗುಂಬಳವಾ?
– ಗೋಣಿಕೊಪ್ಪಲಿನ ಓದುಗರು

ಉತ್ತರ: ಬೂದುಗುಂಬಳ ಅಲ್ಲ. ನಾವು ಕಾವೇರಿ ಸಂಕ್ರಮಣದ ದಿನ ದೋಸೆ ಜೊತೆ ಕರಿ ಮಾಡುತ್ತೇವಲ್ಲ, ಆ ಸಿಹಿಗುಂಬಳದ ಜಾತಿಯದು. ಅದು ಮೂಲದಲ್ಲಿ ಅಮೆರಿಕ ಖಂಡದ್ದೇ ಬೆಳೆ, ಅಲ್ಲಿಂದ ನಮ್ಮಲ್ಲಿಗೆ ಬಂತು. ಅಮೆರಿಕದಲ್ಲಿ ಡಬ್ಬಿಯಲ್ಲಿ ಬರುವ ಕುಂಬಳದ ತಿರುಳು ಹೆಚ್ಚಾಗಿ ಡಿಕಿನ್ಸನ್ ಎಂಬ ತಳಿಯದು. ನಮ್ಮ ಹಿತ್ತಲಿನ ಸಿಹಿಗುಂಬಳಕ್ಕೆ ಅದು ಹತ್ತಿರದ ನೆಂಟ.

ಹಾಕ್ತಾರಾ ಅಂದರೆ, ಹೆಚ್ಚಿನವರು ಹಾಕುತ್ತಾರೆ. ಕೆಲವರು ಮಸಾಲೆ ಮಾತ್ರ ಹಾಕಿ ಪಂಪ್‌ಕಿನ್ ಅಂತ ಹೆಸರಿಡುವುದೂ ಇದೆ. ಲೇಬಲ್ ಓದಿದರೆ ಗೊತ್ತಾಗುತ್ತದೆ. ಆದರೆ ಹಾಕಿದರೂ ನಿಮ್ಮ ನಾಲಿಗೆಗೆ ಸಿಗದೇ ಹೋಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಇವತ್ತು ಒಂದು ಕೆಲಸ ಮಾಡಿ. ಒಂದು ಹೋಳು ಸಿಹಿಗುಂಬಳವನ್ನು ಉಪ್ಪು, ಬೆಲ್ಲ, ಒಗ್ಗರಣೆ ಏನೂ ಇಲ್ಲದೆ ಬೇಯಿಸಿ ತಿನ್ನಿ. ಸ್ವಲ್ಪ ಸಿಹಿ, ಸ್ವಲ್ಪ ಮಣ್ಣಿನ ವಾಸನೆ, ನಾಲಿಗೆ ಮೇಲೆ ಒಂದು ನುಣುಪು. ಅಷ್ಟೇ ಅಲ್ವಾ? ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಇದನ್ನು ಬಿಯರಿಗೆ ಹಾಕಿದರೆ ಆ ಚೂರು ಸಿಹಿಯನ್ನೂ ಯೀಸ್ಟ್ ತಿಂದು ಮುಗಿಸುತ್ತದೆ. ಉಳಿಯುವುದು ಆ ನುಣುಪು, ತುಸು ಬಣ್ಣ, ಹಿನ್ನೆಲೆಯಲ್ಲಿ ಮಣ್ಣಿನ ಪರಿಮಳ. ನಮ್ಮ ಮನೆಯ ಕುಂಬಳ ಕರಿಯಲ್ಲೂ ಹಾಗೇ. ಬೆಲ್ಲ, ಒಣಮೆಣಸು, ಸಾಸಿವೆ ಇಲ್ಲದಿದ್ದರೆ ಯಾರು ಎರಡನೇ ಸಲ ಬಡಿಸಿಕೊಳ್ಳುತ್ತಾರೆ?

ಮೊದಲು ಅಮೆರಿಕದವರು ರುಚಿಗಾಗಿ ಕುಂಬಳ ಹಾಕಿದ್ದೇ ಅಲ್ಲ. ಅಲ್ಲಿ ನೆಲೆಸಲು ಹೋದ ಇಂಗ್ಲಿಷರಿಗೆ ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಸಿಗುವುದು ಕಷ್ಟವಿತ್ತು. ಕುಂಬಳ ಎಲ್ಲಾ ಕಡೆ ಬೆಳೆಯುತ್ತಿತ್ತು. ಹುಳಿಸಲು ಸಕ್ಕರೆ ಬೇಕು, ಅದು ಕುಂಬಳದಲ್ಲಿತ್ತು. 1771ರ ಒಂದು ಪಾಕದಲ್ಲಿ ಕುಂಬಳವನ್ನು ಜಜ್ಜಿ, ಸೇಬಿನ ಹಾಗೆ ಹಿಂಡಿ, ರಸ ಕುದಿಸಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಹಾಕುವ ಕ್ರಮ ಇದೆ. ಬಾರ್ಲಿ ಧಾರಾಳವಾಗಿ ಸಿಗತೊಡಗಿದ ಮೇಲೆ ಜನ ಇದನ್ನು ಬಿಟ್ಟರು.

ಮತ್ತೆ ಶುರುವಾಗಿದ್ದು 1980ರ ದಶಕದಲ್ಲಿ. ಕ್ಯಾಲಿಫೋರ್ನಿಯಾದ ಹೇವರ್ಡ್ ಊರಿನ ಬಫಲೋ ಬಿಲ್ಸ್ ಬ್ರೂವರಿಯ ಬಿಲ್ ಓವೆನ್ಸ್, ಜಾರ್ಜ್ ವಾಷಿಂಗ್ಟನ್ ಕಾಲದಲ್ಲಿ ಕುಂಬಳದಿಂದ ಬಿಯರ್ ಮಾಡುತ್ತಿದ್ದರು ಎಂಬುದನ್ನು ಓದಿ ತಾನೂ ಮಾಡಿದರು. ಕುಡಿದು ನೋಡಿದರೆ ಕುಂಬಳದ ರುಚಿಯೇ ಇಲ್ಲ, ನಿಮಗಾದ ಹಾಗೆಯೇ. ಆಮೇಲೆ ಪಂಪ್‌ಕಿನ್ ಪೈ ಎಂಬ ಸಿಹಿತಿಂಡಿಗೆ ಹಾಕುವ ಮಸಾಲೆ ಸೇರಿಸಿದರು. ಚಕ್ಕೆ, ಜಾಯಿಕಾಯಿ, ಲವಂಗ, ಶುಂಠಿ, ಆಲ್‌ಸ್ಪೈಸ್ ಎಂಬ ಮೆಣಸಿನಂಥ ಕಾಳು. ಅಮೆರಿಕದವರಿಗೆ ಈ ಮಸಾಲೆ ಮೂಗಿಗೆ ಬಿದ್ದರೆ ಕುಂಬಳವೇ ನೆನಪಾಗುತ್ತದೆ. ನಮಗೆ ನೆನಪಾಗುವುದು ಪಲಾವ್! ಹಾಗಾಗಿ ನೀವು ಕುಂಬಳ ಹುಡುಕಿದಿರಿ, ನಿಮ್ಮ ಅಳಿಯನಿಗೆ ಅದು ಮೊದಲ ಗುಟುಕಿಗೇ ಸಿಕ್ಕಿತು.

ಹಾಗಾದರೆ ಕುಂಬಳ ಯಾಕೆ ಹಾಕಬೇಕು? ನನ್ನ ಉತ್ತರ: ಬಾಯಿ ತುಂಬುವ ಆ ನುಣುಪಿಗಾಗಿ. ಅದು ಸುಲಭಕ್ಕೆ ಬರುವುದೂ ಇಲ್ಲ. ನಾನು ಮೊದಲ ಸಲ ಮಾಡಿದಾಗ ನಲವತ್ತು ಕಿಲೋ ಕುಂಬಳ ಸುಟ್ಟು, ಮಾಲ್ಟ್ ನುಚ್ಚಿನ ಜೊತೆ 66 ಡಿಗ್ರಿ ಬಿಸಿನೀರಿಗೆ ಸೇರಿಸಿದ್ದೆ. ಮಾಲ್ಟ್‌ನಲ್ಲಿರುವ ಕಿಣ್ವಗಳು ಆ ಬಿಸಿಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುತ್ತವೆ, ಕುಂಬಳದ ಪಿಷ್ಟವನ್ನೂ. ಒಂದು ಗಂಟೆ ಬಿಟ್ಟು ಕೆಳಗಿನ ನಲ್ಲಿ ತಿರುಗಿಸಿದರೆ ಒಂದು ಲೋಟ ರಸ ಬಂತು, ನಿಂತಿತು. ಬಾರ್ಲಿಯ ಸಿಪ್ಪೆ ಜರಡಿಯ ಹಾಗೆ ಕೆಲಸ ಮಾಡುತ್ತದೆ. ಕುಂಬಳಕ್ಕೆ ಅಂಥ ಸಿಪ್ಪೆ ಇಲ್ಲ. ತಿರುಳೆಲ್ಲ ಗೋಂದಿನ ಹಾಗೆ ಕಟ್ಟಿಕೊಂಡಿತ್ತು. ರಾತ್ರಿ ಎರಡು ಗಂಟೆವರೆಗೆ ನಾನೂ ಒಬ್ಬ ಹುಡುಗನೂ ಮರದ ಹುಟ್ಟಿನಿಂದ ಕೆದಕುತ್ತಾ ನಿಂತಿದ್ದೆವು. ಮುಂದಿನ ವರ್ಷ ಊರಿನ ಮಿಲ್ಲಿನಿಂದ ಎರಡು ಚೀಲ ಭತ್ತದ ಹೊಟ್ಟು ಒಯ್ದೆ. ಚೆನ್ನಾಗಿ ತೊಳೆದು ಮಾಲ್ಟ್ ಜೊತೆ ಬೆರೆಸಿದೆ. ರಸ ಸಲೀಸಾಗಿ ಇಳಿಯಿತು. ಅಮೆರಿಕದ ಬ್ರೂವರ್‌ಗಳೂ ಇದಕ್ಕೆ ಭತ್ತದ ಹೊಟ್ಟನ್ನೇ ಬಳಸುತ್ತಾರೆ. ನಮ್ಮ ಗದ್ದೆಯ ಹೊಟ್ಟು ಹೀಗೆ ಬಿಯರಿಗೆ ದಾರಿ ಬಿಟ್ಟಿದ್ದು ನನಗೆ ಇವತ್ತಿಗೂ ಖುಷಿ ಕೊಡುವ ನೆನಪು.

ಪ್ರಶ್ನೆ: ನಾವು ನಾಲ್ವರು ಗೆಳತಿಯರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇವೆ. ರಜೆಗೆ ಊರಿಗೆ ಬಂದಾಗ ಬೇರೆ ಬೇರೆ ಪಂಪ್‌ಕಿನ್ ಬಿಯರ್ ಒಟ್ಟಿಗೆ ಇಟ್ಟು ರುಚಿ ಹೋಲಿಸಬೇಕು ಅಂತ ಆಸೆ. ಹೇಗೆ ಮಾಡಬೇಕು? ನಿಮಗೆ ಯಾವುದು ಇಷ್ಟ?
– ಮಡಿಕೇರಿಯ ಓದುಗರು

ಉತ್ತರ: ಕಳೆದ ಅಕ್ಟೋಬರಿನಲ್ಲಿ ನಮ್ಮ ಮನೆಯಲ್ಲಿ ಮಾಡಿದ್ದನ್ನೇ ಹೇಳುತ್ತೇನೆ, ಅದರಲ್ಲಿ ಕ್ರಮವೂ ಬರುತ್ತದೆ.

ಅಕ್ಕನ ಮಗ ಅಮೆರಿಕದಿಂದ ಬರುವವನಿದ್ದ. ಫೋನಿನಲ್ಲಿ 'ಮಾವ, ಏನು ತರಲಿ' ಅಂದ. ಪಂಪ್‌ಕಿನ್ ಬಿಯರ್ ತಾ ಅಂದೆ. ಸುಂಕ ಇಲ್ಲದೆ ತರಬಹುದಾದದ್ದು ಎರಡು ಲೀಟರ್. 355 ಮಿಲಿಯ ಐದು ಅದರೊಳಗೆ ಬರುತ್ತವೆ. ಬನಿಯನ್ನು, ಟವೆಲ್ಲು ಸುತ್ತಿ ತಂದಿದ್ದ, ಒಂದೂ ಒಡೆದಿರಲಿಲ್ಲ. ಸಂಕ್ರಮಣದ ದಿನ ಮುಟ್ಟಲಿಲ್ಲ. ಮರುದಿನ ಸಂಜೆ ಕೈಯಾಲೆಯಲ್ಲಿ, ಅಂದರೆ ಮನೆ ಮುಂದಿನ ಜಗಲಿಯಲ್ಲಿ, ಕೂತೆವು. ನಾನು, ಅವನು, ಪಕ್ಕದ ತೋಟದ ಸುಬೇದಾರರು. ಅವರು ನಲವತ್ತು ವರ್ಷದಿಂದ ರಮ್ ಬಿಟ್ಟು ಬೇರೆ ಮುಟ್ಟಿದವರಲ್ಲ. ಅಂಥವರೊಬ್ಬರು ಇರಲಿ, ಒಳ್ಳೆಯದು. ಹೆಸರಿಗೆ ಮರುಳಾಗುವುದಿಲ್ಲ.

ಮೊದಲು ಹಗುರದ್ದು, ಕೊನೆಗೆ ಗಟ್ಟಿಯದು. ಇದು ತಪ್ಪಿದರೆ ಎಲ್ಲಾ ಹಾಳು. ಚಿಕ್ಕ ಲೋಟ, ಒಂದೊಂದಕ್ಕೆ 60 ಮಿಲಿ ಸಾಕು. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯಬೇಡಿ. ತೀರಾ ತಣ್ಣಗಿದ್ದರೆ ಮಸಾಲೆ ಮುದುಡಿಕೊಂಡಿರುತ್ತದೆ. ಹತ್ತು ಹನ್ನೆರಡು ಡಿಗ್ರಿಗೆ ಬರಲಿ. ಬೆಂಗಳೂರಿನಲ್ಲಿ ಇಪ್ಪತ್ತು ನಿಮಿಷ ಸಾಕು, ಮಡಿಕೇರಿ ಚಳಿಯಲ್ಲಿ ಮುಕ್ಕಾಲು ಗಂಟೆಯೂ ಬೇಕಾಗಬಹುದು. ಲೋಟದ ಬಾಯಿಗೆ ಅಂಗೈ ಮುಚ್ಚಿ ಒಂದು ಸುತ್ತು ತಿರುಗಿಸಿ, ತೆಗೆದು ಮೂಸಿ. ಒಂದಾದ ಮೇಲೆ ಒಂದಕ್ಕೆ ಹೋಗುವ ಮೊದಲು ನೀರು, ಒಂದು ಚೂರು ಸಪ್ಪೆ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ. ನಾಲಿಗೆ ತೊಳೆದ ಹಾಗಾಗುತ್ತದೆ.

ಬಹಳ ಮುಖ್ಯವಾದದ್ದು ಇದು. ನುಂಗಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಮಸಾಲೆ ಮುಂದೆ ಬಂದು ಸದ್ದು ಮಾಡಿ ಹೋಗುತ್ತದೆ. ಹೋದ ಮೇಲೆ ಏನು ಉಳಿಯಿತು? ಮಾಲ್ಟ್‌ನ ಸುಟ್ಟ ರೊಟ್ಟಿಯಂಥ ರುಚಿ, ಕುಂಬಳದ ನುಣುಪು ಉಳಿದರೆ ಅದು ಒಳ್ಳೆಯ ಬಿಯರ್. ಬರೀ ಲವಂಗ ಉಳಿದು ನಾಲಿಗೆ ತುದಿ ಮರಗಟ್ಟಿದರೆ ಬ್ರೂವರ್ ಕೈ ಜೋರಾಯಿತು ಅಂತ ಅರ್ಥ. ಲವಂಗ ಮರಗಟ್ಟಿಸುತ್ತದೆ ಅಂತ ಹಲ್ಲುನೋವು ಬಂದವರಿಗೆಲ್ಲ ಗೊತ್ತು.

ಮೊದಲು ಶಿಪ್‌ಯಾರ್ಡ್‌ನ ಪಂಪ್‌ಕಿನ್‌ಹೆಡ್. ಮೇಯ್ನ್ ರಾಜ್ಯದ್ದು, ಗೋಧಿ ಸೇರಿಸಿ ಮಾಡಿದ ಹಗುರ ಬಿಯರ್. ಚಕ್ಕೆ ಮುಂದೆ, ಹಿಂದೆ ಹೆಚ್ಚೇನಿಲ್ಲ. ಅಲ್ಲಿ ಕೆಲವರು ಲೋಟದ ಅಂಚಿಗೆ ಚಕ್ಕೆಪುಡಿ, ಸಕ್ಕರೆ ಸವರಿಕೊಂಡು ಕುಡಿಯುತ್ತಾರಂತೆ. ಬಾಯಾರಿಕೆಗೆ ಚೆನ್ನ.

ಎರಡನೆಯದು ಡಾಗ್‌ಫಿಶ್ ಹೆಡ್‌ನ ಪಂಕಿನ್ ಏಲ್, ಡೆಲವೇರ್ ರಾಜ್ಯದ್ದು, ಮದ್ಯಸಾರ 7 ಶೇಕಡಾ. ಇದರ ಹಿನ್ನೆಲೆ ನನಗೆ ಇಷ್ಟ. ಅಲ್ಲಿ ಕುಂಬಳಕಾಯಿಯನ್ನು ಯಂತ್ರದಿಂದ ದೂರ ಎಸೆಯುವ ಪಂಕಿನ್ ಚಂಕಿನ್ ಎಂಬ ಸ್ಪರ್ಧೆ ನಡೆಯುತ್ತಿತ್ತು. 1994ರಲ್ಲಿ ಆ ಜಾತ್ರೆಯ ಅಡುಗೆ ಸ್ಪರ್ಧೆಗೆ ಈ ಬಿಯರ್ ಇಟ್ಟು ಬಹುಮಾನ ಗೆದ್ದರು. ಬ್ರೂವರಿ ಬಾಗಿಲು ತೆರೆದಿದ್ದೇ ಆಮೇಲೆ. ಕಂದು ಬಣ್ಣ, ಕಂದು ಸಕ್ಕರೆ, ಕುಂಬಳದ ತಿರುಳು, ಚಕ್ಕೆ, ಜಾಯಿಕಾಯಿ, ಆಲ್‌ಸ್ಪೈಸ್. ಹತ್ತು ಎಣಿಸಿದೆ. ಮಸಾಲೆ ಸರಿಯಿತು, ಮಾಲ್ಟ್ ಉಳಿಯಿತು. ಅದರ ಕೆಳಗೆ, ಅವ್ವ ಒಲೆಯ ಕೆಂಡದಲ್ಲಿ ಸುಟ್ಟುಕೊಡುತ್ತಿದ್ದ ಕುಂಬಳದ ಹೋಳಿನ ಅಂಚು ಇರುತ್ತಲ್ಲ, ಕಪ್ಪಾಗಿ ಅಂಟಂಟಾಗಿ, ಅದರ ನೆನಪಿನಷ್ಟು ರುಚಿ. ನಾನು ಮಾತಾಡಲೇ ಇಲ್ಲ.

ಮೂರನೆಯದು ಪೆನ್ಸಿಲ್ವೇನಿಯಾದ ವೇಯರ್‌ಬಾಕರ್ ಇಂಪೀರಿಯಲ್ ಪಂಪ್‌ಕಿನ್, 8 ಶೇಕಡಾ. ಸುಬೇದಾರರು ಮೂಸಿದವರೇ 'ಇದರಲ್ಲಿ ಏಲಕ್ಕಿ ಇದೆ' ಅಂದರು. ಲೇಬಲ್ ತಿರುಗಿಸಿ ನೋಡಿದರೆ ಹೌದು! ಏಲಕ್ಕಿ ಮಲೆಯಲ್ಲಿ ಬೆಳೆದ ಮೂಗು ಅದು. ಮಸಾಲೆಯನ್ನು ಹೆಸರು ಹಿಡಿದು ಗುರುತಿಸುವ ಶಕ್ತಿ ನಮ್ಮ ಜಿಲ್ಲೆಯವರಿಗೆ ಚಿಕ್ಕಂದಿನಿಂದಲೇ ಬಂದಿರುತ್ತದೆ. ಈ ಬಿಯರ್ ಹೋಲಿಸುವಾಗ ಅದನ್ನು ಧೈರ್ಯವಾಗಿ ಬಳಸಿ, ಪರದೇಶದವರ ವಿಮರ್ಶೆ ಓದಿಕೊಂಡು ಕೂರಬೇಡಿ.

ಕೊನೆಗೆ ಸದರ್ನ್ ಟಿಯರ್‌ನ ಪಂಪ್‌ಕಿಂಗ್. ಇದು ಎರಡು ತಂದಿದ್ದ. ನ್ಯೂಯಾರ್ಕ್ ರಾಜ್ಯದ್ದು, 8.6 ಶೇಕಡಾ. ಬೆಣ್ಣೆ ಬಿಸ್ಕತ್ತು, ವೆನಿಲ್ಲಾ, ಆಗತಾನೇ ಬೇಕರಿ ಬಾಗಿಲು ತೆರೆದ ಹಾಗಿನ ವಾಸನೆ. ಅಕ್ಕನ ಮಗ ಇದಕ್ಕೇ ಮೊದಲ ಸ್ಥಾನ ಕೊಟ್ಟ. ನನಗೆ ಅರ್ಧ ಲೋಟದವರೆಗೆ ಸಂತೋಷ, ಆಮೇಲೆ ಸಿಹಿ ಜಾಸ್ತಿ. ಒಂದು ಲೆಕ್ಕ ನೆನಪಿಡಿ. ಇದರ 355 ಮಿಲಿಯಲ್ಲಿರುವ ಮದ್ಯಸಾರ ನಮ್ಮ 650 ಮಿಲಿಯ ಮೈಲ್ಡ್ ಬಿಯರ್ ಬಾಟಲಿಯಷ್ಟೇ ಹತ್ತಿರ ಹತ್ತಿರ. ರುಚಿ ಸಿಹಿಯಾಗಿರುವುದರಿಂದ ಗೊತ್ತಾಗುವುದಿಲ್ಲ. ಅವತ್ತು ರಾತ್ರಿ ಯಾರೂ ಗಾಡಿ ಮುಟ್ಟಲಿಲ್ಲ, ಸುಬೇದಾರರನ್ನು ಟಾರ್ಚ್ ಹಿಡಿದು ನಡೆಸಿಕೊಂಡು ಹೋಗಿ ಬಿಟ್ಟು ಬಂದೆವು. ನೀವೂ ಘಾಟಿ ರಸ್ತೆಯಲ್ಲಿ ಹೊರಡುವ ಯೋಚನೆ ಇಟ್ಟುಕೊಳ್ಳಬೇಡಿ.

ನನ್ನ ಆಯ್ಕೆ ಪಂಕಿನ್ ಏಲ್. ಸುಬೇದಾರರದ್ದು ಏಲಕ್ಕಿಯದು. ನಿಮಗೆ ಇವು ಸಿಗದಿದ್ದರೆ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಅಕ್ಟೋಬರ್ ಹೊತ್ತಿಗೆ ಕೇಳಿ ನೋಡಿ. ಕುಂಬಳ ಸುಟ್ಟು ಹಾಕಿದ್ದೀರಾ, ಹಸಿಯಾ, ಡಬ್ಬಿಯದಾ ಅಂತಲೂ ಕೇಳಿ. ಒಳ್ಳೆಯ ಬ್ರೂವರ್‌ಗೆ ಈ ಪ್ರಶ್ನೆ ಬಂದರೆ ಕೆಲಸ ಬಿಟ್ಟು ಬಂದು ಮಾತಾಡುತ್ತಾರೆ.

ಪ್ರಶ್ನೆ: ಅಣ್ಣ ಹೋದ ವರ್ಷ ತಂದ ಪಂಪ್‌ಕಿನ್ ಬಿಯರ್ ಒಂದು ಫ್ರಿಜ್ಜಿನಲ್ಲೇ ಇದೆ. ಕುಡಿಯಬಹುದಾ? ಪಂದಿ ಕರಿ ಜೊತೆ ಹೊಂದುತ್ತಾ?
– ಕುಶಾಲನಗರದ ಓದುಗರು

ಉತ್ತರ: 8 ಶೇಕಡಾದ ಮೇಲಿದ್ದರೆ ಒಂದು ವರ್ಷ ತಾಳುತ್ತದೆ, ಆದರೆ ಮಸಾಲೆಯ ಪರಿಮಳ ಕುಗ್ಗಿರುತ್ತದೆ. ಹಗುರದ್ದಾದರೆ ಆಸೆ ಬಿಡಿ. ಕೆಟ್ಟದ್ದೇನೂ ಆಗುವುದಿಲ್ಲ, ಸಪ್ಪೆ ಅಷ್ಟೇ.

ಪಂದಿ ಕರಿ ಬೇಡ. ಅದಕ್ಕೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹುಳಿರಸಕ್ಕೂ ಚಕ್ಕೆಯ ಸಿಹಿಗೂ ಜಗಳ. ಎರಡೂ ಕೆಡುತ್ತವೆ. ಹುಳಿ ಹಾಕದೆ ಮೆಣಸಿನಲ್ಲಿ ಹುರಿದ ಪಂದಿ ಚೆನ್ನಾಗಿ ಹೊಂದುತ್ತದೆ. ಅದಕ್ಕಿಂತ ಚೆನ್ನಾಗಿ ಹೊಂದುವುದು ಅಕ್ಕಿ ರೊಟ್ಟಿ, ಕುಂಬಳ ಕರಿ.

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ಈ ಸಲ ಕುಂಬಳ ಮಿತಿಮೀರಿ ಬಿಟ್ಟಿದೆ. ಮನೆಯಲ್ಲೇ ಈ ಬಿಯರ್ ಮಾಡುವ ವಿಧಾನ ಬರೆಯುತ್ತೀರಾ?
– ನಾಪೋಕ್ಲು ಕಡೆಯ ಓದುಗರು

ಉತ್ತರ: ಬರೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಕುಂಬಳವನ್ನು ನೆಂಟರಿಗೆ ಹಂಚಿ. ತೊಟ್ಟಿನ ಸಮೇತ ಕೊಯ್ದು, ಗಾಳಿಯಾಡುವ ಕಡೆ ಅಟ್ಟದ ಮೇಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ.

ಆದರೆ ಕೊಂಡು ತಂದ ಬಿಯರಿಗೆ ಲೋಟದಲ್ಲಿ ಮಸಾಲೆ ಕೊಟ್ಟು ನೋಡಬಹುದು. 100 ಮಿಲಿ ವೋಡ್ಕಾಗೆ ಒಂದಿಂಚು ಚಕ್ಕೆ, ಜಜ್ಜಿದ ಎರಡು ಏಲಕ್ಕಿ, ಒಂದೇ ಒಂದು ಲವಂಗ, ಕಾಲು ಜಾಯಿಕಾಯಿ ತುರಿದು ಹಾಕಿ. ಎರಡು ದಿನ ಮುಚ್ಚಿಟ್ಟು ಬಟ್ಟೆಯಲ್ಲಿ ಸೋಸಿ. ಪುಡಿ ಹಾಕಬೇಡಿ, ಕೆಸರಾಗುತ್ತದೆ. ಹಾಪ್ಸ್ ಕಹಿ ಕಮ್ಮಿ ಇರುವ, ಕಂದು ಬಣ್ಣದ ಬಿಯರ್ ಆದರೆ ಒಳ್ಳೆಯದು. ಗೋಧಿ ಬಿಯರ್ ಆದರೆ ಲವಂಗ ಬಿಟ್ಟುಬಿಡಿ. ಜರ್ಮನ್ ರೀತಿಯ ಗೋಧಿ ಬಿಯರಿನಲ್ಲಿ ಯೀಸ್ಟೇ ಲವಂಗದ ವಾಸನೆ ಹುಟ್ಟಿಸಿರುತ್ತದೆ. ಒಂದು ಲೋಟಕ್ಕೆ ಮೂರು ಹನಿಯಿಂದ ಶುರು ಮಾಡಿ, ಕುಡಿದು ಹತ್ತು ಎಣಿಸಿ, ಬೇಕಾದರೆ ಇನ್ನೊಂದು ಹನಿ. ಮಾಲ್ಟ್ ರುಚಿ ಮರೆಯಾಗತೊಡಗಿತು ಅನ್ನಿಸಿದರೆ ಒಂದು ಹನಿ ಜಾಸ್ತಿಯಾಗಿದೆ. ಮುಂದಿನ ಲೋಟಕ್ಕೆ ಕಮ್ಮಿ ಹಾಕಿ.