ಮೊದಲ ಸ್ಟೇಜ್ ಇಂಡಿ

ಗುರುತು ಸಿಗಬಾರದು ಅಂತ ಒಂದಷ್ಟು ವಿವರ ಬದಲಿಸಿದ್ದೇನೆ. ನಾನು ಆಪ್ತ ಸಮಾಲೋಚಕಿ. ವಿಜಯಪುರದ ನನ್ನ ಕೋಣೆಗೆ ಅಪ್ಪನನ್ನು ಕರೆತಂದವಳು ಮಗಳು. ಕೂರುವ ಮೊದಲೇ ಶುರು ಮಾಡಿದಳು: "ಮೇಡಂ, ಅಪ್ಪಗ ನೀವಾದ್ರೂ ತಿಳಿಸಿ ಹೇಳ್ರಿ. ಒಬ್ಬರೇ ರಾಜಸ್ಥಾನಕ್ಕ ಹೋಗ್ತೀನಂತಾರ."

ಅಪ್ಪನಿಗೆ 63 ವರ್ಷ. ನಿವೃತ್ತ ಬಸ್ ಕಂಡಕ್ಟರ್. ಲಮಾಣಿ ಸಮುದಾಯದವರು, ಅಡ್ಡಹೆಸರು ರಾಠೋಡ. ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ರಾತ್ರಿ ಎರಡಕ್ಕೆ ಎದ್ದು ಮೊಬೈಲಿನಲ್ಲಿ ಜೋಧಪುರದ ಮ್ಯಾಪ್ ನೋಡುತ್ತಿದ್ದರು. ನಿಮ್ಮ ಮೂಲ ಊರು ಹುಡುಕಿ ಕೊಡ್ತೀವಿ ಎಂದ ಯಾರಿಗೋ ಎಂಟು ಸಾವಿರ ಕೊಟ್ಟು ಕಳೆದುಕೊಂಡಿದ್ದರು. ಮನೆಯವರು ಹೆದರಿದ್ದೇ ಆಗ.

ನಾನು ಮೊದಲು ನೋಡಬೇಕಾದದ್ದು ನೋಡಿದೆ. ಊಟ, ಓಡಾಟ ಸರಿ ಇತ್ತು. ಸಾಯುವ ಮಾತು ಇರಲಿಲ್ಲ. ನಿದ್ದೆ ಮಾತ್ರ ಕೆಟ್ಟಿತ್ತು. "ನನಗೇನು ತಲಿ ಕೆಟ್ಟಿಲ್ರಿ" ಅಂದರು ಕಾಕಾ. ಕೆಟ್ಟಿರಲಿಲ್ಲ ನಿಜ.

ಮಗಳನ್ನು ಹೊರಗೆ ಕೂರಿಸಿ ಕೇಳಿದೆ: "ಜೋಧಪುರದಾಗ ಇಳಿದು ಯಾರನ್ನ ಕೇಳ್ತೀರಿ?"

"ರಾಠೋಡರು ಎಲ್ಲಿದ್ದಾರಂತ ಕೇಳ್ತೀನಿ."

ನನಗೆ ಅಳುಕಾಯಿತು. 1459ರಲ್ಲಿ ಆ ಊರು ಕಟ್ಟಿದ ರಾವ್ ಜೋಧಾ ರಾಠೋಡ ರಜಪೂತ. ಅಲ್ಲಿ ಆ ಹೆಸರಿಗೆ ಅರಮನೆಯ ಗತ್ತು ಇದೆ. ಲಮಾಣಿ ತಾಂಡಾದ ರಾಠೋಡ ಅಂದರೆ ಯಾರಾದರೂ ನಕ್ಕುಬಿಟ್ಟರೆ? ಇನ್ನೊಂದು ಮಾತು. ಇವರ ಹಿರಿಯರು ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ಸುತ್ತಿದವರು. 1631ರಲ್ಲಿ ಮೊಗಲರ ಆಸಫ್ ಖಾನ್ ವಿಜಯಪುರಕ್ಕೆ ಮುತ್ತಿಗೆ ಹಾಕಿದಾಗ ಅವನ ದಂಡಿಗೆ ಕಾಳು ಹೊತ್ತು ತಂದವರು ಬಂಜಾರರೇ, ಅಂದರೆ ಲಮಾಣಿಗಳೇ, ಅನ್ನುವ ಮಾತಿದೆ. ರೈಲು ಬಂದ ಮೇಲೆ ಎತ್ತಿನ ವ್ಯಾಪಾರ ಬಿತ್ತು, ನಿಂತಲ್ಲೇ ತಾಂಡಾ ಆಯಿತು. ಇಂಥವರಿಗೆ ಬಾಗಿಲು ತಟ್ಟಲು ಒಂದು ಮನೆ ಎಲ್ಲಿಂದ ಬರಬೇಕು?

ಆದರೆ ಅದನ್ನು ನಾನು ಆಗಲೇ ಹೇಳಲಿಲ್ಲ. ಈ ಆಸೆ ಯಾವತ್ತು ಶುರುವಾಯಿತು ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.

ಹೆಂಡತಿಯ ಹೆಣದ ಮುಂದೆ ತಾಂಡಾದ ಹೆಂಗಸರು ಲಮಾಣಿಗಳ ಮಾತಾದ ಗೋರಬೋಲಿಯಲ್ಲಿ ಹಾಡಿಕೊಂಡು ಅಳುತ್ತಿದ್ದರಂತೆ. ಒಂಬತ್ತು ವರ್ಷದ ಮೊಮ್ಮಗಳು ಇವರ ಅಂಗಿ ಜಗ್ಗಿ ಕೇಳಿದಳಂತೆ: "ಅಜ್ಜಾ, ಅವರು ಏನಂತ ಅಳಾಕತ್ತಾರ?"

"ಮನ್ಯಾಗ ಆ ಮಾತು ಆಡಾಕ ಆಕಿ ಒಬ್ಬಾಕೀನ ಇದ್ಲ್ರಿ" ಅಂದರು. ಮಗ, ಸೊಸೆ, ಮೊಮ್ಮಕ್ಕಳದು ಎಲ್ಲಾ ಕನ್ನಡ. ಹನ್ನೊಂದು ತಿಂಗಳಿಂದ ಇವರಿಗೆ 'ಬಾಟಿ ಖಾದೋ ಕಾಯಿ', ರೊಟ್ಟಿ ತಿಂದೆಯಾ ಅಂತ ಕೇಳುವವರೇ ಇಲ್ಲ.

ಹೋಗಬೇಡಿ ಅಂತ ನಾನು ಹೇಳಲಿಲ್ಲ. ಮಗಳಿಗೆ ಅದು ಸಿಟ್ಟೂ ತರಿಸಿತು. ಕಾಕಾಗೆ ಅವರದೇ ಕೆಲಸದ ಭಾಷೆಯಲ್ಲಿ ಹೇಳಿದೆ: "ಸೀದಾ ಕಡೇ ಸ್ಟೇಜಿಗೆ ಟಿಕೆಟ್ ಹರೀಬ್ಯಾಡ್ರಿ. ಒಂದೊಂದೇ ಸ್ಟೇಜ್ ಹಿಂದಕ್ಕ ಹೋಗ್ರಿ." ಅಪ್ಪ ಹುಟ್ಟಿದ ತಾಂಡಾ ಯಾವುದು, ಅಜ್ಜ ಎಲ್ಲಿಂದ ಬಂದ, ಅದನ್ನು ಬಲ್ಲವರು ಯಾರು? ಇಂಡಿ ಕಡೆಯ ತಾಂಡಾದಲ್ಲಿ ಎಂಬತ್ತು ದಾಟಿದ ಸೋದರತ್ತೆ ಇದ್ದಾಳೆ ಅಂದರು. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಮೊಮ್ಮಗಳನ್ನೂ ಕರೆದುಕೊಂಡು ಹೋಗಿ ಅಂದೆ. ಮೂಲ ಊರು ಹುಡುಕುವವರಿಗೆ ಇನ್ನು ಒಂದು ಪೈಸೆ ಕೊಡುವುದಿಲ್ಲ ಅಂತ ಮಾತು ತೆಗೆದುಕೊಂಡೆ. ಒಬ್ಬರೇ ಹೋಗುವುದಿಲ್ಲ ಅಂತಲೂ.

ಜೋಧಪುರದಲ್ಲಿ ಯಾರೂ ಗುರುತು ಹಿಡಿಯದಿದ್ದರೆ ಏನು ಮಾಡ್ತೀರಿ ಅನ್ನುವುದನ್ನು ಮೂರು ಸಲ ಆಡಿ ನೋಡಿದೆವು. ಮೊದಲ ಸಲ ಅವರ ಕಣ್ಣು ತುಂಬಿತು. ಮೂರನೇ ಸಲ "ಚಾ ಕುಡಿದು ಮುಂದಿನ ಗಾಡಿ ಹತ್ತತೀನ್ರಿ" ಅಂದರು. ಮನೆ ಹುಡುಕುವ ಬದಲು ಉಪ್ಪು ಹುಡುಕಿ ಅಂದೆ. ಬಂಜಾರರು ಹೇರುತ್ತಿದ್ದ ಉಪ್ಪಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದ್ದು ಹೆಸರುವಾಸಿ. ಅಲ್ಲಿ ಈಗಲೂ ಉಪ್ಪು ತೆಗೆಯುತ್ತಾರೆ.

ಅತ್ತೆಯಿಂದ ಸಿಕ್ಕಿದ್ದು ಎರಡೇ ಸ್ಟೇಜ್. ಅಜ್ಜ ಭೀಮಾ ನದಿ ದಾಟಿ ಸೊಲ್ಲಾಪುರ ಕಡೆಯಿಂದ ಬಂದವನು. ಅದರಾಚೆ ಅವಳಿಗೂ ಗೊತ್ತಿಲ್ಲ. ಆದರೆ ನಿದ್ದೆ ಸುಧಾರಿಸಿತು. ಮೊಮ್ಮಗಳು ಈಗ ಅತ್ತೆಯನ್ನು ಯಾಡಿ ಅನ್ನುತ್ತಾಳೆ. ಯಾಡಿ ಅಂದರೆ ಅವ್ವ. ತಪ್ಪು ಸಂಬಂಧ, ಇರಲಿ ಬಿಡಿ.

ದೀಪಾವಳಿ ಮುಗಿಸಿ ಅಪ್ಪ, ಮಗಳು ಬೆಳಗಾವಿಯಿಂದ ಜೋಧಪುರದ ರೈಲು ಹತ್ತಿದರು. ಅಲ್ಲಿ ಒಬ್ಬ ನಕ್ಕನಂತೆ, "ನೀವು ಯಾವ ರಾಠೋಡ?" ಅಂತ. ಕಾಕಾ ಚಾ ಕುಡಿದರಂತೆ. ರಸ್ತೆ ಬದಿ ಒಬ್ಬ ಮುದುಕಿಯ ಮಾತು ಅರ್ಧಕ್ಕಿಂತ ಜಾಸ್ತಿ ತಿಳಿಯಿತಂತೆ. ಅದನ್ನು ಹೇಳುವಾಗ ಮಾತ್ರ ದನಿ ಒಡೆಯಿತು.

ಸಾಂಭರ್‌ನಿಂದ ಒಂದು ಕಿಲೋ ಉಪ್ಪು ತಂದು ಅತ್ತೆಯ ಮುಂದೆ ಇಟ್ಟರು. ಅವಳು ಒಂದು ಹರಳು ನಾಲಿಗೆಗೆ ಹಚ್ಚಿ ನೋಡಿ ಕೇಳಿದಳಂತೆ: ಎಷ್ಟು ಕೊಟ್ಟಿ?