ಎಫ್ ಕೀ ಹೋಯ್ತು, ಒತ್ತಕ್ಷರ ಹೊಡೆಯೋದು ಹೇಗೆ?

ಈ ಸಲ ಬಂದಿರೋ ಪತ್ರಗಳಲ್ಲಿ ಲ್ಯಾಪ್‌ಟಾಪ್ ಕೀಬೋರ್ಡ್ ಗೋಳೇ ಜಾಸ್ತಿ, ಅದಕ್ಕೆ ಬೇರೆ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕೆಗೆ.

ಪ್ರಶ್ನೆ: ಮನೇಲೇ ಡಿಟಿಪಿ ಮಾಡ್ತೀನಿ, ಎಲ್ಲಾ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲೇ ಟೈಪಿಂಗು. ಈಗ ಎಫ್ ಕೀ ಒಂದು ಸತ್ತಿದೆ, ಮಿಕ್ಕಿದ್ದೆಲ್ಲ ಸರಿ ಇದೆ, ಆದ್ರೆ ಒಂದೇ ಒಂದು ಒತ್ತಕ್ಷರ ಬರ್ತಿಲ್ಲ. ರಿಪೇರಿಯವರು ಕೀಬೋರ್ಡ್ ಮಾತ್ರ ಬದಲಾಯಿಸೋಕೆ ಆಗಲ್ಲ, ಕೀಬೋರ್ಡ್ ಕೂರೋ ಮೇಲಿನ ಪ್ಯಾನೆಲ್ಲೇ ಹಾಕಬೇಕು ಅಂತಾರೆ. ಬೇರೆ ದಾರಿ ಇಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಇದೆ, ಖರ್ಚಿಲ್ಲದೇ ಇದೆ. ಇಂಗ್ಲಿಷ್ ಟೈಪ್ ಮಾಡೋರಿಗೆ ಎಫ್ ಹೋದ್ರೆ ಹೇಗೋ ಸುಧಾರಿಸ್ಕೋತಾರೆ, ನಿಮಗೆ ಹಾಗಲ್ಲ, ನುಡಿ ಬಳಸೋ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ಅರ್ಧಾಕ್ಷರ ಮಾಡೋದು, ಒತ್ತು ಕೂಡಿಸೋದು ಎರಡೂ ಆ ಕೀಯಿಂದಲೇ ಆಗೋದು, ಅದಿಲ್ಲದೆ ಅಮ್ಮ ಅಂತ ಬರೆಯೋಕೂ ಆಗಲ್ಲ.

ಮೊದಲು ಕೆಟ್ಟಿರೋದು ಯಾವ ಪದರ ಅಂತ ನೋಡ್ಕೊಳ್ಳಿ. ಲ್ಯಾಪ್‌ಟಾಪ್ ಆಫ್ ಮಾಡಿ, ಹಳೇ ಎಟಿಎಂ ಕಾರ್ಡಿನ ಮೂಲೆ ತೂರಿಸಿ ಎಫ್ ಕೀಯ ಟೊಪ್ಪಿನ ಒಂದು ಕಡೆಯಿಂದ ಮೆಲ್ಲಗೆ ಎತ್ತಿ. ಕೆಳಗೆ ಕತ್ತರಿ ಥರ ಕೂತಿರೋ ತೆಳು ಪ್ಲಾಸ್ಟಿಕ್ ತುಂಡುಗಳು, ನಡುವೆ ಪುಟ್ಟ ರಬ್ಬರ್ ಬಟ್ಟಲು ಕಾಣುತ್ತೆ. ಕೂದಲು, ಚಕ್ಲಿ ಪುಡಿ ಏನಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ಒಣ ಬ್ರಶ್ಶಲ್ಲಿ ತೆಗೀರಿ. ಆಮೇಲೆ ಆನ್ ಮಾಡಿ ನೋಟ್‌ಪ್ಯಾಡ್ ತೆಗೆದು ಆ ರಬ್ಬರನ್ನ ಇಯರ್ ಬಡ್ಡಿನಿಂದ ನೇರ ಒತ್ತಿ. ಅಕ್ಷರ ಬಂತು ಅಂದ್ರೆ ಟೊಪ್ಪಿ ಅಥವಾ ಕತ್ತರಿ ತುಂಡು ಮುರಿದಿದೆ ಅಷ್ಟೇ, ಅದು ಬಿಡಿಯಾಗಿ ಸಿಗುತ್ತೆ. ಬರ್ಲಿಲ್ಲ ಅಂದ್ರೆ ರಬ್ಬರಿನ ಅಡಿ ಇರೋ ಹಾಳೆ ಹೋಗಿದೆ. ಪ್ಲಾಸ್ಟಿಕ್ ಹಾಳೆಗಳ ಮೇಲೆ ವಿದ್ಯುತ್ ಹರಿಯೋ ಗೆರೆ ಎಳೆದಿರ್ತಾರೆ, ಆ ಗೆರೆ ಸವೆದ್ರೆ ಮನೇಲಿ ಸರಿ ಮಾಡೋದು ಕಷ್ಟ. ಸ್ಪೇಸ್, ಎಂಟರ್, ಶಿಫ್ಟ್ ಮಾತ್ರ ಹೀಗೆ ಎತ್ತೋಕೆ ಹೋಗ್ಬೇಡಿ, ಅವಕ್ಕೆ ಕೆಳಗೆ ಸಾಮಾನ್ಯವಾಗಿ ತಂತಿ ಇರುತ್ತೆ, ಬಗ್ಗಿದ್ರೆ ಮತ್ತೆ ಕೂರಲ್ಲ. ಇನ್ನೊಂದು ವಿಷಯ, ಎಫ್ ಜೊತೆಗೇ ಆರ್, ವಿ, 4 ಹೀಗೆ ನಾಲ್ಕಾರು ಕೀ ಒಟ್ಟಿಗೆ ಹೋಗಿದ್ರೆ ಅನುಮಾನ ಪಡಬೇಕಾದ್ದು ಒಂದೇ ಗೆರೆ ಮೇಲೆ ಅಥವಾ ಮದರ್‌ಬೋರ್ಡಿಗೆ ಹೋಗೋ ರಿಬ್ಬನ್ ಕೇಬಲ್ ಮೇಲೆ, ಕೇಬಲ್ ಸಡಿಲ ಆಗಿದ್ರೆ ತೆಗೆದು ಕೂರಿಸಿದ್ರೆ ಸಾಕು.

ಹಾಳೆ ಹೋಗಿದೆ ಅಂತಾದ್ರೂ ಪ್ಯಾನೆಲ್ ಇವತ್ತೇ ಹಾಕಿಸ್ಬೇಕಿಲ್ಲ. ಒಂದು ಕೀಗೆ ಇನ್ನೊಂದರ ಕೆಲಸ ಕೊಡೋ ಶಾರ್ಪ್‌ಕೀಸ್ ಅನ್ನೋ ಉಚಿತ ತಂತ್ರಾಂಶ ಹಾಕ್ಕೊಳ್ಳಿ. ಆಡ್ ಒತ್ತಿ, ಎಡಗಡೆ ಕ್ಯಾಪ್ಸ್ ಲಾಕ್, ಬಲಗಡೆ ಎಫ್ ಆರಿಸಿ, ರೈಟ್ ಟು ರಿಜಿಸ್ಟ್ರಿ ಒತ್ತಿ ರೀಸ್ಟಾರ್ಟ್ ಮಾಡಿ. ಇನ್ಮೇಲೆ ಕ್ಯಾಪ್ಸ್ ಲಾಕೇ ನಿಮ್ಮ ಎಫ್. ನುಡಿಯಲ್ಲಿ ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಸಾಕಲ್ವಾ, ಕ್ಯಾಪ್ಸ್ ಲಾಕ್ ಸುಮ್ಮನೆ ಕೂತಿರೋ ಕೀ. ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ತಂತ್ರಾಂಶದಲ್ಲೂ ಕೀ ಬದಲಾಯಿಸೋ ಸೌಲಭ್ಯ ಇದೆ, ಆದ್ರೆ ಅದು ಲಾಗಿನ್ ಆದ್ಮೇಲಷ್ಟೇ ಕೆಲಸ ಮಾಡೋದು, ಪಾಸ್‌ವರ್ಡಲ್ಲಿ ಎಫ್ ಇದ್ರೆ ಅಲ್ಲೇ ನಿಂತುಬಿಡ್ತೀರಿ, ಶಾರ್ಪ್‌ಕೀಸ್ ಬದಲಾವಣೆ ವಿಂಡೋಸ್ ಒಳಗೇ ಕೂರೋದ್ರಿಂದ ಪಾಸ್‌ವರ್ಡ್ ಪರದೆಗೂ ಬರುತ್ತೆ, ನಾನಂತೂ ಅದನ್ನೇ ಹಾಕಿ ಅಂತೀನಿ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಬೋರ್ಡ್ ವಿನ್ಯಾಸದಲ್ಲಿ ಒತ್ತು ಕೊಡೋದು ಡಿ ಕೀ, ಅದಕ್ಕೂ ಹೋಗಬಹುದು, ಆದ್ರೆ ವರ್ಷಗಟ್ಟಲೆ ನುಡಿಗೆ ಒಗ್ಗಿರೋ ಬೆರಳಿಗೆ ಒಂದು ಕೀಗೋಸ್ಕರ ಆ ಶಿಕ್ಷೆ ಯಾಕೆ. ಮುಂದೆ ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಲ್ಲಿ ಲ್ಯಾಪ್‌ಟಾಪ್ ಅಡಿಯ ಸ್ಟಿಕರಲ್ಲಿರೋ ಮಾಡೆಲ್ ನಂಬರ್ ತೋರಿಸಿ ಕೀಬೋರ್ಡ್ ಬಿಡಿಯಾಗಿ ಸಿಗುತ್ತಾ ಕೇಳಿ. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನ ಪ್ಯಾನೆಲ್ಲಿಗೆ ಪ್ಲಾಸ್ಟಿಕ್ ಕರಗಿಸಿ ಅಂಟಿಸಿರ್ತಾರೆ, ಹಾಗಾಗಿ ಅಂಗಡಿಯವರು ಹೇಳಿದ್ದು ಸುಳ್ಳು ಅಂತ ಅಂದ್ಕೋಬೇಡಿ.

ಪ್ರಶ್ನೆ: ಕೀಬೋರ್ಡ್ ಮೇಲೆ ಟೀ ಚೆಲ್ಲಿದ್ರೆ ತಕ್ಷಣ ಏನ್ ಮಾಡ್ಬೇಕು? ಅಕ್ಕಿ ಡಬ್ಬಿಯಲ್ಲಿ ಇಡಬಹುದಾ?
– ಓದುಗರು, ಶಿರಸಿ

ಉತ್ತರ: ಅಕ್ಕಿ ಬೇಡ, ಅದರ ಹುಡಿ ಒಳಗೆ ಹೋಗೋದೇ ಹೊರತು ಟೀ ಹೊರಗೆ ಬರಲ್ಲ. ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಫೈಲ್ ಸೇವ್ ಮಾಡೋಕೂ ಕಾಯ್ಬೇಡಿ. ಪರದೆ ತೆರೆದು ಗುಡಾರದ ಥರ ಬೋರಲು ಹಾಕಿ. ಹೇರ್ ಡ್ರೈಯರ್ ಬಿಸಿ ಗಾಳಿ ಬೇಡವೇ ಬೇಡ. ನೀರಾದ್ರೆ ಒಣಗುತ್ತೆ, ಟೀಯಲ್ಲಿ ಹಾಲು ಸಕ್ಕರೆ ಇರೋದ್ರಿಂದ ಒಣಗಿದ ಮೇಲೂ ಅಂಟು ಉಳಿಯುತ್ತೆ, ಕೀಬೋರ್ಡ್ ಕೆಳಗಿರೋದು ಮದರ್‌ಬೋರ್ಡು. ಹಾಗಾಗಿ ಆನ್ ಮಾಡಿ ನೋಡೋ ಆಸೆ ಬಿಟ್ಟು, ಬಿಚ್ಚಿ ಬ್ಯಾಟರಿ ಕಳಚಿ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆಯೋರ ಹತ್ರ ತಗೊಂಡು ಹೋಗಿ.

ಪ್ರಶ್ನೆ: ಚಿಕ್ಕ ಲ್ಯಾಪ್‌ಟಾಪ್. ಯು, ಐ, ಒ ಒತ್ತಿದ್ರೆ 4, 5, 6 ಬರ್ತಿದೆ. ಕೀಬೋರ್ಡ್ ಹೋಯ್ತಾ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಇಲ್ಲ, ಆ ಕೀಗಳನ್ನ ಅಂಕಿ ಕೀ ಮಾಡೋ ನಮ್ ಲಾಕ್ (Num Lock) ಆನ್ ಆಗಿದೆ. ನಮ್ ಲಾಕ್ ಕೀ ಒತ್ತಿ, ಅದರ ಹೆಸರು ಬೇರೆ ಕೀಯ ಮೂಲೇಲಿ ಸಣ್ಣಗೆ ಬರೆದಿದ್ರೆ ಎಫ್‌ಎನ್ ಹಿಡಿದು ಅದನ್ನ ಒತ್ತಿ. ಹಾಗೇ ಮುಂದೆ ಯಾವತ್ತಾದ್ರೂ ಪ್ರತಿ ಕೀನೂ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಮಾತ್ರ ಅಕ್ಷರ ಬರ್ತಿದೆ ಅನ್ಸಿದ್ರೆ ಅದು ವಿಂಡೋಸ್‌ನ ಫಿಲ್ಟರ್ ಕೀಸ್ ಅನ್ನೋ ಸೌಲಭ್ಯ, ಬಲಗಡೆ ಶಿಫ್ಟನ್ನ 8 ಸೆಕೆಂಡ್ ಹಿಡಿದ್ರೆ ಆನ್ ಆಗೋದು, ಆಫ್ ಮಾಡೋಕೂ ಹಾಗೇ ಹಿಡೀರಿ.