ಕುದುರೆ ಕುಂಟಿದಾಗ ಮೊದಲು ಗೊರಸು, ಆಮೇಲೆ ಭುಜ

ಸವಾರಿ ಕುದುರೆಗಳ ಕುಂಟಿನ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಏಳು ವರ್ಷದ ಹೆಣ್ಣು ಕುದುರಿ ಐತ್ರಿ. ಲಾಳ ಕಟ್ಟಿಸಿ ಐದು ದಿನ ಆತು. ನಿನ್ನೆ ಸಂಜಿತನಕ ಚಲೋ ಇತ್ತು, ಇವತ್ತ ಮುಂಜಾನೆ ಮುಂದಿನ ಬಲಗಾಲು ನೆಲಕ್ಕ ಊರವಲ್ದು. ಬಾವು ಎಲ್ಲೂ ಇಲ್ಲ. ಭುಜ ಜಾರೇದ, ಎಣ್ಣಿ ತಿಕ್ಕಿ ಬರಿ ಹಾಕ್ರಿ ಅಂತಾರ ಮಂದಿ. ಏನ್ ಮಾಡ್ಲಿ? (ಕುಂದಗೋಳ ತಾಲೂಕು)

ಉತ್ತರ: ಬರೆ ಬೇಡವೇ ಬೇಡ. ಮುಂಗಾಲಿನ ಕುಂಟಿಗೆ ಮೂಲ ಬಹುಪಾಲು ಗೊರಸಿನಲ್ಲೇ ಇರುತ್ತದೆ. ಭುಜದ ಕಡೆ ಕೈ ತೋರಿಸುವುದಕ್ಕೂ ಒಂದು ಕಾರಣವಿದೆ: ಗೊರಸು ನೋಯುವ ಕುದುರೆ ಆ ಕಾಲನ್ನು ಪೂರ್ತಿ ಚಾಚುವುದಿಲ್ಲ. ಕೆಲವು ವಾರ ಹಾಗೇ ನಡೆದರೆ ಭುಜದ ಮಾಂಸ ಇಳಿದು ಎಲುಬು ಎದ್ದು ಕಾಣುತ್ತದೆ. ಕೆಳಗಿನ ನೋವಿನ ಫಲ ಮೇಲೆ ಕಾಣಿಸಿಕೊಂಡದ್ದಷ್ಟೇ.

ನೀವು ಹೇಳಿದ ಲಕ್ಷಣ, ಅಂದರೆ ಲಾಳ ಕಟ್ಟಿಸಿ ನಾಲ್ಕೈದು ದಿನಕ್ಕೆ ರಾತ್ರೋರಾತ್ರಿ ಕಾಲು ಎತ್ತಿಬಿಡುವುದು, ಗೊರಸಿನೊಳಗೆ ಕೀವು ಕಟ್ಟಿದ್ದಕ್ಕೆ ಚೆನ್ನಾಗಿ ಹೊಂದುತ್ತದೆ. ಮೊಳೆ ನೇರ ಜೀವಮಾಂಸಕ್ಕೆ ಹೋಗಿದ್ದರೆ ಕುದುರೆ ಹೊಡೆಯುವಾಗಲೇ ಕಾಲು ಕಿತ್ತುಕೊಳ್ಳುತ್ತದೆ, ರಕ್ತವೂ ಕಾಣಬಹುದು. ಜೀವಮಾಂಸದ ಪಕ್ಕದಲ್ಲಿ ಒತ್ತಿಕೊಂಡು ಹೋಗಿದ್ದರೆ ಆ ಹೊತ್ತಿಗೆ ಸುಮ್ಮನಿದ್ದು ಎರಡು-ಮೂರು ದಿನ ಬಿಟ್ಟು ಕುಂಟುತ್ತದೆ. ಮೊಳೆಯ ದಾರಿಯಲ್ಲಿ ಕೊಳೆ ಒಳಹೋದರೆ ಕೀವಾಗುತ್ತದೆ. ಗೊರಸು ಹಿಗ್ಗದ ಪೆಟ್ಟಿಗೆ. ಒಳಗೆ ಒಂದು ಚಮಚ ಕೀವಿದ್ದರೂ ಕಾಲು ಮುರಿದಷ್ಟೇ ನೋವು.

ಪರೀಕ್ಷೆ ಹೀಗೆ: ಕುದುರೆಯನ್ನು ನೆರಳಲ್ಲಿ ಅರ್ಧ ಗಂಟೆ ನಿಲ್ಲಿಸಿ, ಎರಡೂ ಮುಂಗೊರಸಿಗೆ ಅಂಗೈಯ ಹಿಂಬದಿ ಇಟ್ಟು ಬಿಸಿ ಹೋಲಿಸಿ. ಬಿಸಿಲು ಬಿದ್ದ ಗೊರಸು ಸುಳ್ಳು ಹೇಳುತ್ತದೆ. ಆಮೇಲೆ ಗೊರಸಿನ ಮೇಲಿನ ಮೊದಲ ಗೆಣ್ಣಿನ ಹಿಂಭಾಗದ ಎರಡೂ ಪಕ್ಕಕ್ಕೆ ಬೆರಳು ಹಚ್ಚಿ, ಚರ್ಮದಡಿ ದಾರದಂತೆ ಜಾರುವ ರಕ್ತನಾಳ ಹುಡುಕಿ. ಸರಿಯಿರುವ ಕಾಲಿನಲ್ಲಿ ಅದರ ಬಡಿತ ಸಿಕ್ಕೂ ಸಿಗದಂತಿರುತ್ತದೆ; ಕೀವು ಕಟ್ಟಿದ ಕಾಲಿನಲ್ಲಿ ಬೆರಳಿಗೆ ಗುದ್ದುತ್ತದೆ. ಕೊನೆಗೆ ಚಿಕ್ಕ ಸುತ್ತಿಗೆಯಿಂದ ಒಂದೊಂದೇ ಮೊಳೆತಲೆ ತಟ್ಟಿ. ಯಾವ ಮೊಳೆಗೆ ಕಾಲು ಎಳೆದುಕೊಳ್ಳುತ್ತದೋ ಅನುಮಾನ ಅದರ ಮೇಲೆ.

ಲಾಳ ಕಟ್ಟಿದ ನಾಲಬಂದರನ್ನೇ ಕರೆಸಿ. ಅವರ ಮೇಲೆ ರೇಗಬೇಡಿ, ತೆಳು ಗೋಡೆಯ ಗೊರಸಿನಲ್ಲಿ ಪಳಗಿದ ಕೈಗೂ ಇದು ತಪ್ಪಿದ್ದಲ್ಲ. ಹೊರಗೋಡೆಯ ಮೇಲೆ ಮಡಚಿದ ಮೊಳೆತುದಿಗಳನ್ನು ಅರದಿಂದ ತೆಗೆದು, ಮೊಳೆಗಳನ್ನು ಒಂದೊಂದಾಗಿ ಕೀಳಬೇಕು. ಲಾಳವನ್ನು ಒಮ್ಮೆಲೇ ಮೀಟಿದರೆ ನೋವಿರುವ ಗೊರಸು ತಿರುಚಿಕೊಳ್ಳುತ್ತದೆ. ಕಿತ್ತ ಪ್ರತಿ ಮೊಳೆಯನ್ನೂ ನೋಡಿ, ಮೂಸಿ. ಒದ್ದೆಯಾಗಿ, ಕಪ್ಪಾಗಿ, ಕೊಳೆತ ವಾಸನೆ ಬಂದದ್ದೇ ಅಪರಾಧಿ. ಆ ತೂತಿನಿಂದಲೇ ಕೀವು ಇಳಿಯುವಷ್ಟು ಸಣ್ಣ ದಾರಿಯನ್ನು ಪಶುವೈದ್ಯರು ಮಾಡಿಕೊಡುತ್ತಾರೆ. ಅರ್ಧ ಸೆಂಟಿಮೀಟರ್ ಸಾಕು. ಅಂಗಾಲನ್ನೆಲ್ಲ ಕೆತ್ತಿದರೆ ಕೀವು ವಾರದಲ್ಲಿ ಹೋದರೂ ಗಾಯ ತಿಂಗಳುಗಟ್ಟಲೆ ಉಳಿಯುತ್ತದೆ.

ಆಮೇಲೆ ಬಕೆಟ್‌ನಲ್ಲಿ ನಾಲ್ಕೈದು ಲೀಟರ್ ಬೆಚ್ಚನೆ ನೀರಿಗೆ ಎರಡು ಬಟ್ಟಲು ಎಪ್ಸಮ್ ಉಪ್ಪು ಹಾಕಿ, ದಿನಕ್ಕೆ ಎರಡು ಸಲ 20 ನಿಮಿಷ ಗೊರಸು ಅದ್ದಿಸಿ. ಒರೆಸಿ, ಹತ್ತಿ ಇಟ್ಟು, ಮಕ್ಕಳ ಡೈಪರ್ ಸುತ್ತಿ, ಮೇಲೆ ಅಗಲದ ಡಕ್ಟ್ ಟೇಪ್. ಎರಡು-ಮೂರು ದಿನ ಸಾಕು, ಹೆಚ್ಚು ನೆನೆಸಿದರೆ ಅಂಗಾಲು ಮೆತ್ತಗಾಗುತ್ತದೆ. ನಂತರ ತೂತು ಗಟ್ಟಿಯಾಗುವ ತನಕ ಒಣ ಪಟ್ಟಿ. ಧನುರ್ವಾಯು ಲಸಿಕೆ ಹಾಕಿಸಿ ಆರು ತಿಂಗಳು ದಾಟಿದ್ದರೆ ಇವತ್ತೇ ಮತ್ತೆ ಹಾಕಿಸಿ. ಈ ರೋಗಕ್ಕೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಕೀವು ಇಳಿದ ಮೇಲೆ ಒಂದೆರಡು ದಿನದಲ್ಲಿ ನಡಿಗೆ ಸುಧಾರಿಸಬೇಕು. ಸುಧಾರಿಸದಿದ್ದರೆ ಎಕ್ಸ್-ರೇ, ಏಕೆಂದರೆ ಗೊರಸೊಳಗಿನ ಎಲುಬು ಬಿರಿದರೂ ಲಕ್ಷಣ ಹೀಗೆಯೇ.

ಒಂದು ಎಚ್ಚರಿಕೆ. ಬಡಿತ ಎರಡೂ ಮುಂಗಾಲಿನಲ್ಲಿ ಜೋರಾಗಿದ್ದು, ಕುದುರೆ ಮುಂಗಾಲು ಮುಂದೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಂತಿದ್ದರೆ ಅದು ಕೀವಲ್ಲ, ಲ್ಯಾಮಿನೈಟಿಸ್ (ಗೊರಸಿನ ಒಳಪದರದ ಉರಿಯೂತ). ಜೋಳದ ಚೀಲಕ್ಕೆ ಬಾಯಿ ಹಾಕಿದ ಒಂದೆರಡು ದಿನಕ್ಕೆ ಬರುವುದುಂಟು. ಅದಕ್ಕೆ ಬೆಚ್ಚನೆ ನೀರಲ್ಲ. ಮಂಜುಗಡ್ಡೆ ಹಾಕಿದ ನೀರಿನಲ್ಲಿ ಕಾಲು ನಿಲ್ಲಿಸಿ, ಕಾಳು ನಿಲ್ಲಿಸಿ, ಆ ಗಳಿಗೆಯೇ ವೈದ್ಯರನ್ನು ಕರೆಸಿ.

ಪ್ರಶ್ನೆ: ನಡೆಯುವಾಗ ಸರಿ ಕಾಣುತ್ತದೆ, ಓಡಿಸಿದಾಗ ಏನೋ ತಪ್ಪುತ್ತದೆ. ಯಾವ ಕಾಲು ಅಂತ ಮನೆಯಲ್ಲಿ ನಾಲ್ವರು ನಾಲ್ಕು ಹೇಳುತ್ತಾರೆ. ಗುರುತಿಸುವುದು ಹೇಗೆ? (ಗದಗ)

ಉತ್ತರ: ಕಾಲು ನೋಡುವುದನ್ನು ಬಿಟ್ಟು ತಲೆ ನೋಡಿ. ಗಟ್ಟಿಯಾದ ಸಮತಟ್ಟು ನೆಲ ಬೇಕು. ಎರೆ ಹೊಲದಲ್ಲಿ ಎಲ್ಲ ಕುದುರೆಯೂ ಕುಂಟಿದಂತೆ ಕಾಣುತ್ತದೆ. ನುಣುಪಾದ ಡಾಂಬರಿನ ಮೇಲೆ ಲಾಳ ಜಾರುವುದರಿಂದ ಅದೂ ಬೇಡ. ಸವಾರಿ ಇಲ್ಲದೆ, ಹಗ್ಗವನ್ನು ಎರಡಡಿ ಸಡಿಲ ಬಿಟ್ಟು, ಒಬ್ಬರು 30 ಮೀಟರ್ ಹದ ಓಟದಲ್ಲಿ, ಅಂದರೆ ಟ್ರಾಟ್‌ನಲ್ಲಿ ಓಡಿಸಿಕೊಂಡು ಹೋಗಿ ಬರಲಿ. ಹಗ್ಗ ಬಿಗಿ ಹಿಡಿದರೆ ತಲೆ ಆಡುವುದಿಲ್ಲ, ಪರೀಕ್ಷೆ ಅಲ್ಲಿಗೇ ಮುಗಿಯಿತು. ಟ್ರಾಟ್‌ನಲ್ಲೇ ಏಕೆಂದರೆ ಅದು ಎರಡು ತಾಳದ ಸಮ ನಡೆ, ಒಂದು ಕಾಲು ತಪ್ಪಿದರೆ ಎದ್ದು ಕಾಣುತ್ತದೆ.

ನೋಯುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ಊರಿದಾಗ ಕೆಳಗಿಳಿಯುತ್ತದೆ. ಕಣ್ಣು ಮೋಸ ಹೋದರೆ ಕಿವಿಗೆ ಕೆಲಸ ಕೊಡಿ: ಸರಿಯಿರುವ ಕಾಲು ಹೆಚ್ಚು ಜೋರಾಗಿ ‘ಟಪ್’ ಎನ್ನುತ್ತದೆ. ಹಿಂಗಾಲಿಗೆ, ಸೊಂಟದ ಎರಡೂ ಮೂಳೆತುದಿಗೆ ಬಿಳಿ ಟೇಪ್ ಅಂಟಿಸಿ ಹಿಂದಿನಿಂದ ನೋಡಿ. ಯಾವ ಬದಿಯ ಟೇಪ್ ಹೆಚ್ಚು ಮೇಲೆ-ಕೆಳಗೆ ಆಡುತ್ತದೋ ಆ ಹಿಂಗಾಲು. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದರೆ ಮನೆಯವರ ಜಗಳವೂ ತೀರುತ್ತದೆ.

ನಾಲ್ವರು ನಾಲ್ಕು ಹೇಳುವುದಕ್ಕೆ ಇಲ್ಲೊಂದು ಕಾರಣವಿದೆ. ಎಡ ಹಿಂಗಾಲು ನೊಂದಿದ್ದರೆ, ಅದು ಊರುವಾಗ ಕುದುರೆ ಭಾರವನ್ನು ಮುಂದಕ್ಕೆ ನೂಕಲು ತಲೆ ತಗ್ಗಿಸುತ್ತದೆ. ಟ್ರಾಟ್‌ನಲ್ಲಿ ಅದೇ ಹೊತ್ತಿಗೆ ಊರುವುದು ಬಲ ಮುಂಗಾಲು. ಹೀಗಾಗಿ ನೋಡುವವರಿಗೆ ಎಡ ಮುಂಗಾಲು ಕುಂಟಿದಂತೆ ಕಾಣುತ್ತದೆ. ಒಂದೇ ಬದಿಯ ಮುಂಗಾಲು-ಹಿಂಗಾಲು ಎರಡೂ ಅನುಮಾನಕ್ಕೆ ಬಂದರೆ ಮೊದಲು ಸೊಂಟದ ಟೇಪ್ ನೋಡಿ. ಎರಡೂ ಮುಂಗಾಲು ಸಮನಾಗಿ ನೊಂದಿದ್ದರಂತೂ ತಲೆ ಆಡುವುದೇ ಇಲ್ಲ, ಹೆಜ್ಜೆ ಮಾತ್ರ ಚಿಕ್ಕದಾಗುತ್ತದೆ. ಆಗ 10-12 ಮೀಟರ್ ಅಡ್ಡಳತೆಯ ಸುತ್ತಿನಲ್ಲಿ ಎರಡೂ ದಿಕ್ಕಿಗೆ ಓಡಿಸಿ. ಗಟ್ಟಿ ನೆಲದಲ್ಲಿ ಸಾಮಾನ್ಯವಾಗಿ ಒಳಸುತ್ತಿನ ಕಾಲು ಬಣ್ಣ ಬಯಲು ಮಾಡುತ್ತದೆ.

ಕಾಲು ಸಿಕ್ಕಿತು, ಜಾಗ ಸಿಗಲಿಲ್ಲವೆಂದರೆ ವೈದ್ಯರು ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋಡುತ್ತಾರೆ. ಗೊರಸಿನ ಹಿಮ್ಮಡಿಗೆ ಹೋಗುವ ನರದ ಎರಡೂ ಬದಿಗೆ ಸುಮಾರು 2 ಮಿ.ಲೀ., ಹತ್ತು ನಿಮಿಷ ಬಿಟ್ಟು ಮತ್ತೆ ಓಡಿಸುವುದು. ಕುಂಟು ಮಾಯವಾದರೆ ನೋವು ಅಲ್ಲೇ. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಕುದುರೆಯನ್ನು ಟೆಂಪೋ ಹತ್ತಿಸುವ ಮೊದಲು ಫೋನ್ ಮಾಡಿ, ಆ ದಿನ ಎಕ್ಸ್-ರೇ ಆಗುತ್ತದೆಯೇ ಕೇಳಿಕೊಳ್ಳಿ.

ಪ್ರಶ್ನೆ: ಅಂಗಾಲಿಗೆ ಮೊಳೆ ಚುಚ್ಚಿಕೊಂಡಿದೆ. ಕೂಡಲೇ ಕೀಳಬಹುದೇ? (ಹುಬ್ಬಳ್ಳಿ)

ಉತ್ತರ: ವೈದ್ಯರು ಬೇಗ ಬರುವಂತಿದ್ದರೆ ಕೀಳಬೇಡಿ. ಮೊಳೆ ಇದ್ದಂತೆಯೇ ಎಕ್ಸ್-ರೇ ತೆಗೆದರೆ ಎಷ್ಟು ಆಳ, ಯಾವ ದಿಕ್ಕು ಎಂಬುದು ಗೊತ್ತಾಗುತ್ತದೆ. ಅಷ್ಟರ ತನಕ ಮೊಳೆ ಇನ್ನೂ ಒಳಹೋಗದಂತೆ ಅದರ ಎರಡೂ ಪಕ್ಕಕ್ಕೆ ಮರದ ತುಂಡಿಟ್ಟು ಟೇಪ್ ಸುತ್ತಿ. ಕೀಳಲೇಬೇಕಾದರೆ ಮೊದಲು ಫೋಟೋ, ಕಿತ್ತ ಮೇಲೆ ತೂತಿನ ಸುತ್ತ ಪೆನ್ನಿನ ಗುರುತು, ಮೊಳೆಯನ್ನು ಎತ್ತಿಡಿ. ತೂತು ಐದು ನಿಮಿಷದಲ್ಲಿ ಮುಚ್ಚಿಕೊಂಡು ಕಾಣದಾಗುತ್ತದೆ. ಅಂಗಾಲಿನ ತ್ರಿಕೋನದ ಮೆತ್ತೆಯ ಮಧ್ಯಭಾಗಕ್ಕೆ ಚುಚ್ಚಿದ್ದರೆ ಕುದುರೆ ಚೆನ್ನಾಗಿ ನಡೆಯುತ್ತಿದ್ದರೂ ತುರ್ತು. ಅದರ ಮೇಲೆಯೇ ಕೀಲಿನ ದ್ರವದ ಚೀಲವಿದೆ. ಅಲ್ಲಿ ಸೋಂಕು ತಗುಲಿ ಒಂದೆರಡು ದಿನ ಕಳೆದರೆ ಸವಾರಿ ಕುದುರೆಯಾಗಿ ಅದು ಮರಳುವುದು ಕಷ್ಟ.

ಪ್ರಶ್ನೆ: ಮಳೆ ಬಿದ್ದ ಹೊಲದಲ್ಲಿ ಓಡಿಸಿದ ಮೇಲೆ ಮುಂಗಾಲಿನ ಹಿಂಬದಿ, ಮಂಡಿಯ ಕೆಳಗೆ ಬಾಳೆಹಣ್ಣಿನ ಹಾಗೆ ಉಬ್ಬಿತು. ಹತ್ತು ದಿನ ಕಟ್ಟಿಹಾಕಿದ್ದೆ, ಈಗ ಕುಂಟುತ್ತಿಲ್ಲ. ಸವಾರಿ ಶುರು ಮಾಡಲೇ? (ಹಾವೇರಿ)

ಉತ್ತರ: ಬೇಡ. ಉಬ್ಬಿರುವುದು ಗೊರಸನ್ನು ಹಿಂದಕ್ಕೆಳೆಯುವ ಸ್ನಾಯುರಜ್ಜು (ನಮ್ಮ ಕಡೆ ‘ನರ ಹಿಡಿದಿದೆ’ ಎನ್ನುವುದು ಇದನ್ನೇ, ನಿಜವಾಗಿ ನರವಲ್ಲ). ಅಂಟುವ ಎರೆಮಣ್ಣಿನಲ್ಲಿ ದಣಿದ ಕುದುರೆ ಓಡುವಾಗ ಅದರ ಎಳೆಗಳು ಹರಿಯುತ್ತವೆ; ಗೊರಸಿನ ಮುಂಭಾಗ ಉದ್ದ ಬೆಳೆದು ಹಿಮ್ಮಡಿ ತಗ್ಗಿದ್ದರೆ ಇನ್ನೂ ಬೇಗ. ಕುಂಟು ಎರಡು ವಾರದೊಳಗೆ ನಿಲ್ಲುತ್ತದೆ, ಆದರೆ ಹರಿದ ಎಳೆ ಬಲಗೊಳ್ಳಲು 9ರಿಂದ 12 ತಿಂಗಳು ಬೇಕು. ಕುದುರೆ ಹಾಳಾಗುವುದು ಈ ಎರಡರ ನಡುವಿನ ಅಂತರದಲ್ಲಿ.

ಮೊದಲ ಮೂರು ದಿನಕ್ಕೆ ತಣ್ಣೀರು: ಪೈಪಿನಿಂದ 20 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ, ನಡುವೆ ದಪ್ಪ ಹತ್ತಿಯ ಮೇಲೆ ಸಮ ಬಿಗಿಯ ಪಟ್ಟಿ. ನಿಮಗೆ ಆ ಹೊತ್ತು ದಾಟಿದೆ, ಈಗ ಅಲ್ಟ್ರಾಸೌಂಡ್ ಮಾಡಿಸಿ. ಪೆಟ್ಟು ಬಿದ್ದ ದಿನವೇ ಮಾಡಿಸಿದ್ದರೆ ಹಾನಿ ನಿಜಕ್ಕಿಂತ ಕಡಿಮೆ ಕಾಣುತ್ತಿತ್ತು, ಏಕೆಂದರೆ ಒಳಹಾನಿ ಮೊದಲ ವಾರ ಬೆಳೆಯುತ್ತಲೇ ಇರುತ್ತದೆ. ಆಮೇಲೆ ಲಾಯದಲ್ಲಿ ವಿಶ್ರಾಂತಿ, ದಿನಕ್ಕೆ ಎರಡು ಸಲ ಕೈಹಗ್ಗದಲ್ಲಿ 10-15 ನಿಮಿಷ ನಡಿಗೆ. ತಿಂಗಳಿಗೊಮ್ಮೆ ಐದು-ಹತ್ತು ನಿಮಿಷ ಹೆಚ್ಚಿಸಿ. ಮೂರು-ನಾಲ್ಕು ತಿಂಗಳಿಗೆ ಮೇಲೆ ಕುಳಿತು ಬರೀ ನಡಿಗೆ. ಟ್ರಾಟ್ ಅದಕ್ಕೂ ಆಚೆ, ಅದೂ ಮತ್ತೊಂದು ಸ್ಕ್ಯಾನ್ ಆದ ನಂತರ. ಮೇಯಲು ಹೊಲಕ್ಕೆ ಬಿಟ್ಟರೆ ಒಂದೇ ನೆಗೆತಕ್ಕೆ ಎಲ್ಲ ಮೊದಲಿಗೆ ಬರುತ್ತದೆ. ಬಿಸಿ ಎಣ್ಣೆಯ ತಿಕ್ಕಾಟ ಬೇಡ.

ಪ್ರಶ್ನೆ: ಕುದುರೆಯ ಹಿಂಗಾಲು ಎರಡೂ ತೂರಾಡುತ್ತವೆ, ಮೂತ್ರ ತೊಟ್ಟಿಕ್ಕುತ್ತಿರುತ್ತದೆ. ತಿಂಗಳಿಂದ ಹಸಿ ಜೋಳದ ಮೇವು ಹಾಕುತ್ತಿದ್ದೇವೆ. ಇದೂ ಕುಂಟೇ? (ಧಾರವಾಡ)

ಉತ್ತರ: ಕುಂಟಲ್ಲ, ನೋವಿನ ಲಕ್ಷಣವೂ ಅಲ್ಲ. ಹಸಿ ಜೋಳ, ಸುಡಾನ್ ಹುಲ್ಲು, ಅವುಗಳ ಹೈಬ್ರಿಡ್ ಮೇವನ್ನು ವಾರಗಟ್ಟಲೆ ತಿಂದ ಕುದುರೆಯ ಬೆನ್ನುಹುರಿ ಕೆಟ್ಟು ಹಿಂಗಾಲು ತೂರಾಡುವುದು, ಮೂತ್ರಕೋಶ ಹಿಡಿತ ತಪ್ಪುವುದು ಗೊತ್ತಿರುವ ಕಾಯಿಲೆ. ಎಳೆ ಜೋಳದ ಸಯನೈಡ್ ಅಂಶವೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಎಮ್ಮೆ ತಿಂದು ಚೆನ್ನಾಗಿದೆ ಎಂಬುದನ್ನು ಕುದುರೆಗೆ ಅನ್ವಯಿಸಬೇಡಿ. ಹಸಿ ಮೇವನ್ನು ಇವತ್ತೇ ನಿಲ್ಲಿಸಿ. ಚೆನ್ನಾಗಿ ಒಣಗಿದ ಕಣಕಿಯಲ್ಲಿ (ಜೋಳದ ದಂಟಿನಲ್ಲಿ) ಈ ಅಪಾಯ ತೀರಾ ಕಡಿಮೆ. ಬೇಗ ನಿಲ್ಲಿಸಿದರೆ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಗುಣವಾಗುವುದು ಅಪರೂಪ. ತೂರಾಡುವ ಕುದುರೆಯ ಮೇಲೆ ಯಾರೂ ಕೂಡಬಾರದು, ಕುದುರೆ ಬಿದ್ದರೆ ಸವಾರ ಅದರಡಿ.

ಇದರ ಜೊತೆಗೆ ರಕ್ತಪರೀಕ್ಷೆಯನ್ನೂ ಮಾಡಿಸಿ. ದೊಡ್ಡ ನೊಣದಿಂದ ಹರಡುವ ಸರ್ರಾ ರೋಗದಲ್ಲೂ ಹಿಂಗಾಲು ಸೋಲುತ್ತದೆ. ಅದರಲ್ಲಿ ಬಂದು-ಹೋಗುವ ಜ್ವರ, ಒಸಡು ಬಿಳಿಚುವುದು, ಕಾಲು-ಹೊಟ್ಟೆಯಡಿ ನೀರು ತುಂಬುವುದು ಜೊತೆಗಿರುತ್ತವೆ. ಅದಕ್ಕೆ ಔಷಧಿ ಇದೆ. ಕುದುರೆಯ ಸಹಜ ತಾಪ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಬೆಳಗ್ಗೆ-ಸಂಜೆ ಅಳೆದು ವಾರದ ಪಟ್ಟಿ ಬರೆದಿಟ್ಟರೆ ವೈದ್ಯರಿಗೆ ಅರ್ಧ ಕೆಲಸ ಹಗುರ.

ಪ್ರಶ್ನೆ: ಆಕಳಿಗೆ ತಂದ ನೋವಿನ ಇಂಜೆಕ್ಷನ್ ಉಳಿದಿದೆ. ವೈದ್ಯರು ಬರುವ ತನಕ ಕುದುರೆಗೆ ಹಾಕಬಹುದೇ? (ಶಿಗ್ಗಾಂವಿ)

ಉತ್ತರ: ಬೇಡ. ಡೈಕ್ಲೋಫಿನಾಕ್ ಆಗಿದ್ದರೆ ಅದು ನಿಮ್ಮ ಮನೆಯಲ್ಲಿ ಇರಲೇಬಾರದು. ಈ ಔಷಧ ಹಾಕಿಸಿಕೊಂಡು ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುವುದರಿಂದ 2006ರಲ್ಲೇ ಪಶುಬಳಕೆಗೆ ನಿಷೇಧ ಬಂತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಕೂಡ ಆ ಪಟ್ಟಿ ಸೇರಿದವು. ಕುದುರೆಗೆ ಸಾಮಾನ್ಯವಾಗಿ ಕೊಡುವ ಫಿನೈಲ್‌ಬ್ಯುಟಜೋನ್ ಇಂಜೆಕ್ಷನ್ ರಕ್ತನಾಳಕ್ಕೆ ಮಾತ್ರ. ಮಾಂಸಕ್ಕೆ ಚುಚ್ಚಿದರೆ ಅಲ್ಲಿ ಕೊಳೆತು ಕುಳಿ ಬೀಳುತ್ತದೆ. ಪ್ರಮಾಣ ಮೀರಿದರೆ ಹೊಟ್ಟೆಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಅಲ್ಲದೆ ಪರೀಕ್ಷೆಗೆ ಮೊದಲೇ ನೋವು ಅಡಗಿಸಿದರೆ ವೈದ್ಯರಿಗೆ ನೋಡಲು ಕುಂಟೇ ಇರುವುದಿಲ್ಲ, ಬಿರಿದ ಎಲುಬಿನ ಮೇಲೆ ಕುದುರೆ ಧೈರ್ಯವಾಗಿ ಭಾರ ಹಾಕುತ್ತದೆ.

ಕಾಯುವ ಹೊತ್ತಿಗೆ ತೂಕ ಲೆಕ್ಕ ಹಾಕಿಡಿ, ಔಷಧದ ಪ್ರಮಾಣ ನಿಲ್ಲುವುದು ಅದರ ಮೇಲೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆತುದಿಯಿಂದ ಪಿರ್ರೆಯ ತುದಿತನಕದ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 160, ಉದ್ದ 140 ಇದ್ದರೆ ಸುಮಾರು 300 ಕೆ.ಜಿ. ಹತ್ತಿರದ ಪಶು ಆಸ್ಪತ್ರೆ ಮುಚ್ಚಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ, ‘ಕುದುರೆ’ ಎಂದು ಮೊದಲೇ ಹೇಳಿ.